ಬೌಂಡರಿಗೆ ಅಗಲ ಇಲ್ಲ, ಬದುವಿಗೆ ಇದೆ

ಕಳೆದ ಬೇಸಿಗೆ ರಜೆಯಲ್ಲಿ ನಮ್ಮ ಕೊಯ್ಲಾದ ಹೊಲದಲ್ಲಿ ಊರ ಹುಡುಗರು ಕ್ರಿಕೆಟ್ ಆಡುತ್ತಿದ್ದರು. ನಾನು ಕಣದ ಪಕ್ಕದ ಬೇವಿನ ನೆರಳಲ್ಲಿ ಕೂತು ಹಗ್ಗ ಹೊಸೆಯುತ್ತಿದ್ದೆ. ಒಬ್ಬ ಹುಡುಗ ಬೀಸಿ ಹೊಡೆದ ಚೆಂಡು ಉರುಳುತ್ತಾ ಹೋಗಿ ಬದದ ಹುಲ್ಲಿನಲ್ಲಿ ಸಿಕ್ಕಿಕೊಂಡಿತು. “ಬೌಂಡ್ರಿ!” ಅಂತ ಒಂದು ಕಡೆಯವರು ಕೂಗಿದರು. “ಬದ ದಾಟೇ ಇಲ್ಲ, ಬೌಂಡ್ರಿ ಹೆಂಗಾಗ್ತದೆ?” ಅಂತ ಇನ್ನೊಂದು ಕಡೆಯವರು. ಜಗಳ ಜೋರಾಯಿತು. ಕೊನೆಗೆ ನನ್ನ ಮೊಮ್ಮಗ ಓಡಿ ಬಂದು, “ತಾತ, ಬೌಂಡ್ರಿ ಅಂದ್ರೆ ಬದದ ಈ ಕಡೆ ಅಂಚೋ, ಆ ಕಡೆ ಅಂಚೋ? ನೀನೇ ಹೇಳು” ಅಂದ.

ನಾನು ನಕ್ಕುಬಿಟ್ಟೆ. ಉತ್ತರ ಹೇಳಲು ಬಾಯಿ ಬರಲಿಲ್ಲ. ಯಾಕೆಂದರೆ ಇದೇ ಪ್ರಶ್ನೆಗೆ ಉತ್ತರ ಹುಡುಕಲು ಹೋಗಿ 2011ರಲ್ಲಿ ನಾನು 26 ಸಾವಿರ ರೂಪಾಯಿ ಕಳೆದಿದ್ದೇನೆ. ಅದರ ಜೊತೆಗೆ ಏಳು ಹೊಂಗೆ ಮರ, ಒಂದು ಹುಣಸೆ ಮರ, ಒಂದಷ್ಟು ಮೇಲ್ಮಣ್ಣು ಮತ್ತು ಒಬ್ಬ ಅಣ್ಣನನ್ನೂ ಕಳೆದುಕೊಂಡೆ. ಅಣ್ಣ ಮಾತ್ರ ಒಂಬತ್ತು ವರ್ಷದ ಮೇಲೆ ವಾಪಸ್ ಸಿಕ್ಕಿದ.

ನಾನು ಓದಿದ್ದು ಏಳನೇ ಕ್ಲಾಸು. ಇಂಗ್ಲಿಷ್ ಪದದ ಅರ್ಥ ಬಿಡಿಸಿ ಹೇಳುವ ಯೋಗ್ಯತೆ ನನಗಿಲ್ಲ. ಆದರೆ ‘ಬೌಂಡರಿ’ ಅನ್ನುವ ಈ ಪದ ನಮ್ಮ ಹೊಲದೊಳಗೆ ಬಂದು ಏನು ಮಾಡಿದೆ ಅನ್ನುವುದನ್ನು ಕಣ್ಣಾರೆ ಕಂಡಿದ್ದೇನೆ. ನನ್ನಂಥ ಸಣ್ಣ ಹಿಡುವಳಿಯವರಿಗೆ ಉಪಯೋಗ ಆಗಬಹುದೆಂದು ಬರೆಯುತ್ತಿದ್ದೇನೆ.

ನಮ್ಮಲ್ಲಿ ಎಷ್ಟು ಮಾತಿದ್ದವು!

ನಮ್ಮದು ಶಿರಾ–ಹಿರಿಯೂರು ಕಡೆಯ ಕೆಂಪು ಮಸಾರಿ ಭೂಮಿ. ವರ್ಷಕ್ಕೆ 500-600 ಮಿಲಿಮೀಟರ್ ಮಳೆ ಬಿದ್ದರೆ ಪುಣ್ಯ. ಶೇಂಗಾ, ರಾಗಿ, ಅಕ್ಕಡಿಗೆ ತೊಗರಿ, ಅವರೆ. ನಮ್ಮಪ್ಪನ ಕಾಲದಲ್ಲಿ ‘ಬೌಂಡರಿ’ ಅನ್ನೋ ಮಾತು ಹೊಲದಲ್ಲಿ ಕೇಳುತ್ತಿರಲಿಲ್ಲ. ಹಾಗಂತ ಗಡಿ ಇರಲಿಲ್ಲವೆ? ಇತ್ತು. ಒಂದೊಂದಕ್ಕೂ ಒಂದೊಂದು ಹೆಸರಿತ್ತು.

ಎರಡು ಹೊಲದ ನಡುವೆ ಎತ್ತರಿಸಿದ ಮಣ್ಣು ‘ಬದ’, ಬರವಣಿಗೆಯಲ್ಲಿ ‘ಬದು’. ಇಳಿಜಾರಿಗೆ ಅಡ್ಡವಾಗಿ ನೀರು ನಿಲ್ಲಿಸಲು ಹಾಕಿದ ದಪ್ಪನೆಯದು ‘ಒಡ್ಡು’. ಕೆರೆಗಾದರೆ ‘ಏರಿ’. ಮುಳ್ಳು, ಕತ್ತಾಳೆ, ಕಳ್ಳಿ ನೆಟ್ಟರೆ ‘ಬೇಲಿ’. ಊರಿಗೆ ‘ಎಲ್ಲೆ’, ‘ಗಡಿ’. ಮಾರಮ್ಮನ ಹಬ್ಬದಲ್ಲಿ ಚರಗ ಚೆಲ್ಲಿಕೊಂಡು ಬರುವುದು ಊರ ಎಲ್ಲೆಯ ಮೇಲೆ, ಹೊಲದ ಬದದ ಮೇಲಲ್ಲ. ಕಾಗದದಲ್ಲಿ ಪೂರ್ವಕ್ಕೆ ಇಂಥವರ ಜಮೀನು, ಪಶ್ಚಿಮಕ್ಕೆ ರಸ್ತೆ, ಉತ್ತರಕ್ಕೆ ಹಳ್ಳ ಅಂತ ಬರೆಯುವುದು ‘ಚಕ್ಕುಬಂದಿ’. ಸರ್ವೆಯವರು ಅಳೆದು ತೋರಿಸುವುದು ‘ಹದ್ದುಬಸ್ತು’. ಅವರು ನೆಡುವ ಕಲ್ಲು ‘ಬಾಂದು ಕಲ್ಲು’.

ಈ ಮಾತುಗಳನ್ನು ಸ್ವಲ್ಪ ಗಮನಿಸಿ. ಕೆಲವು ನೆಲದ ಮೇಲಿನ ವಸ್ತುವಿನ ಹೆಸರು: ಬದು, ಒಡ್ಡು, ಬೇಲಿ. ಇವನ್ನು ಮುಟ್ಟಬಹುದು, ಮೇಲೆ ನಡೆಯಬಹುದು, ಹುಲ್ಲು ಕುಯ್ಯಬಹುದು. ಇನ್ನು ಕೆಲವು ಲೆಕ್ಕದ ಹೆಸರು: ಹದ್ದು, ಚಕ್ಕುಬಂದಿ. ಇವು ಇರುವುದು ಕಾಗದದಲ್ಲಿ. ನಮ್ಮ ಹಿರಿಯರಿಗೆ ಈ ಎರಡೂ ಬೇರೆ ಬೇರೆ ಅನ್ನುವುದು ಯಾರೂ ಹೇಳಿಕೊಡದೆ ಗೊತ್ತಿತ್ತು. ಈಗ ನಾವು ಇಷ್ಟಕ್ಕೂ ಸೇರಿಸಿ ‘ಬೌಂಡರಿ’ ಅನ್ನುತ್ತೇವೆ. ತಪ್ಪಿರುವುದು ಇಲ್ಲಿ ಅಂತ ನನ್ನ ಅಭಿಪ್ರಾಯ.

ಇಂಗ್ಲಿಷ್ ಪದದ ಮೇಲೆ ನನಗೆ ಸಿಟ್ಟಿಲ್ಲ. ‘ಹದ್ದು’ ಕೂಡ ನಮ್ಮದಲ್ಲ, ಅರಬ್ಬೀ ಕಡೆಯಿಂದ ಬಂದದ್ದು. ‘ಚಕ್ಕುಬಂದಿ’ಯೂ ಹೊರಗಿನದೇ. ಬಂದವು, ಕೆಲಸಕ್ಕೆ ಸಿಕ್ಕವು, ಇಟ್ಟುಕೊಂಡೆವು. ಆದರೆ ಅವು ಬಂದಾಗ ಬದುವನ್ನು ಹೊರಗೆ ಹಾಕಲಿಲ್ಲ. ಪಕ್ಕದಲ್ಲಿ ಕೂತವು ಅಷ್ಟೆ. ಬೌಂಡರಿ ಹಾಗಲ್ಲ, ಬದುವಿನ ಜಾಗವನ್ನೇ ತೆಗೆದುಕೊಂಡಿತು.

ಬಂಡ್ ಬೇರೆ, ಬೌಂಡರಿ ಬೇರೆ

ಜಲಾನಯನದ ಕೆಲಸ ನಡೆದ ಕಡೆ ಬೋರ್ಡುಗಳಲ್ಲಿ ‘ಬಂಡಿಂಗ್’, ‘ಫೀಲ್ಡ್ ಬಂಡ್’, ‘ಕಂಟೂರ್ ಬಂಡ್’ ಅಂತ ಬರೆದಿರುತ್ತದೆ. ಬಂಡ್ ಅಂದರೂ ಬೌಂಡರಿ ಅಂದರೂ ಒಂದೇ ಅಂತ ನಾನು ಬಹಳ ದಿನ ತಿಳಿದಿದ್ದೆ. ನಮ್ಮ ಹೋಬಳಿಯ ಹೈಸ್ಕೂಲಿನ ನಿವೃತ್ತ ಮೇಷ್ಟ್ರೊಬ್ಬರನ್ನು ಕೇಳಿದೆ. ಅವರು ದಪ್ಪ ಡಿಕ್ಷನರಿ ತೆಗೆದು ನೋಡಿ, “ನೀನು ತಿಳಿದದ್ದು ತಪ್ಪು ಕಣಯ್ಯ, ಎರಡಕ್ಕೂ ನೆಂಟಸ್ತಿಕೆ ಇಲ್ಲ” ಅಂದರು.

‘ಬೌಂಡರಿ’ ಹಳೆಯ ಫ್ರೆಂಚಿನ ಕಡೆಯಿಂದ ಇಂಗ್ಲಿಷಿಗೆ ಹೋದ ಮಾತಂತೆ. ಅರ್ಥ ಎಲ್ಲೆ, ಮಿತಿ. ‘ಬಂಡ್’ ಮಾತ್ರ ಇಂಗ್ಲಿಷಿನವರು ನಮ್ಮ ದೇಶದಿಂದಲೇ ಎತ್ತಿಕೊಂಡದ್ದು. ಪಾರ್ಸಿಯ ‘ಬಂದ್’ ಹಿಂದೂಸ್ತಾನಿಗೆ ಬಂದು, ಅಲ್ಲಿಂದ ಇಂಗ್ಲಿಷಿಗೆ ಹೋಗಿ ‘ಬಂಡ್’ ಆಯಿತು. ಬಂದ್ ಅಂದರೆ ಕಟ್ಟು, ತಡೆ. ಅಂಗಡಿ ಬಂದ್ ಅನ್ನುವ ಬಂದ್ ಕೂಡ ಅದೇ. ನಮ್ಮ ದೇಶದಿಂದ ಹೋದ ಮಾತು ಕೋಟು ಹಾಕಿಕೊಂಡು ವಾಪಸ್ ಬಂದು ನಮ್ಮ ಹೊಲದಲ್ಲೇ ಬೋರ್ಡು ನೆಟ್ಟಿದೆ!

ಇನ್ನೊಂದು ವಿಷಯ ಹೇಳಿದರು. ‘ಬಾಂದು ಕಲ್ಲು’ ಅನ್ನುತ್ತೇವಲ್ಲ, ಮರಾಠಿಯಲ್ಲಿ ‘ಬಾಂಧ’ ಅಂದರೆ ಹೊಲದ ಬದುವೇ. ಅಂದರೆ ಬಾಂದು ಕಲ್ಲು ಎಂದರೆ ಬದುವಿನಲ್ಲಿ ನಿಂತ ಕಲ್ಲು. ಆ ಕಲ್ಲಿನ ಹೆಸರಿನೊಳಗೇ ಬದು ಇದೆ. ಕಲ್ಲು ಬದುವಿಗೆ ಸೇರಿದ್ದು. ನಾವು ಕಲ್ಲು ಉಳಿಸಿಕೊಂಡು ಬದು ಕಿತ್ತೆವು.

ನಾನು ಗೆದ್ದ ಕಥೆ

ನಮ್ಮಪ್ಪ ಮತ್ತು ದೊಡ್ಡಪ್ಪನ ಪಾಲು ಆದದ್ದು 1999ರಲ್ಲಿ. ಮೇಲ್ಗಡೆ ಹೊಲ ದೊಡ್ಡಪ್ಪನ ಮಗನಿಗೆ, ಅಂದರೆ ನಮ್ಮಣ್ಣನಿಗೆ. ಕೆಳಗಡೆಯದು ನಮಗೆ. ನಡುವೆ 420 ಅಡಿ ಉದ್ದದ ಬದ, ಅಗಲ ಐದು ಅಡಿ. ಅದರ ಮೇಲೆ ತಾತ ನೆಟ್ಟ ಹೊಂಗೆ, ಹುಣಸೆ. ತಂಗಡಿ, ಲಕ್ಕಿ, ಬಾದೆ ಹುಲ್ಲು. ಮಳೆಗಾಲದಲ್ಲಿ ದಿನಕ್ಕೆ ಎರಡು ಹೊರೆ ಹುಲ್ಲು, ಒಂದು ಅವರ ಮನೆಗೆ, ಒಂದು ನಮ್ಮ ಮನೆಗೆ. ಅದರ ಮೇಲೇ ದನ ಹೊಡೆದುಕೊಂಡು ಹಳ್ಳಕ್ಕೆ ಹೋಗುವ ದಾರಿ. ಪಾಲುಪಟ್ಟಿ ಬರೆದವರು ಚಕ್ಕುಬಂದಿ ನೀಟಾಗಿ ಬರೆದರು. ನಮ್ಮ ಹೊಲದ ಪಶ್ಚಿಮಕ್ಕೆ ಅಣ್ಣನ ಹೊಲ, ಅಣ್ಣನ ಹೊಲದ ಪೂರ್ವಕ್ಕೆ ನಮ್ಮ ಹೊಲ. ಬದದ ಸುದ್ದಿಯೇ ಇಲ್ಲ. ಕಾಗದದ ಪ್ರಕಾರ ನಮ್ಮಿಬ್ಬರ ನಡುವೆ ಏನೂ ಇರಲಿಲ್ಲ.

ಎತ್ತು ಇದ್ದಷ್ಟು ದಿನ ತೊಂದರೆ ಆಗಲಿಲ್ಲ. ನೊಗ ಹೊತ್ತ ಎತ್ತು ಬದ ಹತ್ತುವುದಿಲ್ಲ, ಒಂದು ಮೊಳ ಹಿಂದೆಯೇ ತಿರುಗುತ್ತದೆ. ಆಮೇಲೆ ಬಾಡಿಗೆ ಟ್ರ್ಯಾಕ್ಟರ್ ಬಂತು. ಹೊರಗಿನ ಡ್ರೈವರು, ಗಂಟೆ ಲೆಕ್ಕದವನು. “ಬೌಂಡ್ರಿ ಎಲ್ಲಿಗಂಟ ಐತೆ?” ಅಂತ ಕೇಳುತ್ತಿದ್ದ. ಅಣ್ಣನೂ ಕಲ್ಲು ತೋರಿಸಿದ, ನಾನೂ ಕಲ್ಲು ತೋರಿಸಿದೆ. ವರ್ಷಕ್ಕೆ ನಾಲ್ಕು ಬೆರಳಿನಂತೆ ಬದ ಎರಡೂ ಕಡೆಯಿಂದ ಸವೆಯಿತು. ಅವನು ನನ್ನದು ತಿಂದ ಅಂತ ನಾನು, ನಾನು ಅವನದು ತಿಂದೆ ಅಂತ ಅವನು. ನಿಜ ಹೇಳಬೇಕೆಂದರೆ ಇಬ್ಬರೂ ತಿಂದೆವು.

2011ರಲ್ಲಿ ಒಂದು ದಿನ ಹುಣಸೆ ಹಣ್ಣಿನ ವಿಷಯಕ್ಕೆ ಮಾತು ಬೆಳೆದು ನಾನು ಹದ್ದುಬಸ್ತಿಗೆ ಅರ್ಜಿ ಹಾಕಿಬಿಟ್ಟೆ. ಸರ್ವೆಯವರು ಬಂದರು. ಹಳೇ ಟಿಪ್ಪಣಿ ನೋಡಿ ಅಳೆದರು. ಅವರ ಕೆಲಸ ಅವರು ಸರಿಯಾಗಿಯೇ ಮಾಡಿದರು, ಅದರಲ್ಲಿ ನನಗೆ ಅನುಮಾನವಿಲ್ಲ. ಗೆರೆ ಬದದ ನಡುವಿನಿಂದ ಒಂದೂವರೆ ಅಡಿ ಅಣ್ಣನ ಕಡೆಗೆ ಬಿತ್ತು. ಅಂದರೆ ನಾನು ಗೆದ್ದೆ!

ಗೆದ್ದವನು ಸುಮ್ಮನಿರಲಿಲ್ಲ. “ಬೌಂಡರಿ ಇಲ್ಲಿ ಅಂದಮೇಲೆ ಈ ಬದ ಯಾಕೆ?” ಅಂತ ಜೆಸಿಬಿ ತರಿಸಿ ಬದ ಬಿಡಿಸಿ ಹೊಲಕ್ಕೆ ಸೇರಿಸಿದೆ. ಮರ ಹೋದವು. ಗೆರೆಯ ಮೇಲೆ ಕಲ್ಲುಕಂಬ ನೆಟ್ಟು ತಂತಿ ಎಳೆಸಿದೆ. ಎಲ್ಲ ಸೇರಿ ಖರ್ಚು 26 ಸಾವಿರ. ಮುಂದಿನ ವರ್ಷ ಬಿತ್ತನೆ ಆಗಿ ಹದಿನೈದು ದಿನಕ್ಕೆ ಒಂದು ರಾತ್ರಿ ದಪ್ಪ ಮಳೆ ಹೊಡೆಯಿತು. ಅಣ್ಣನ ಹೊಲದ ನೀರೆಲ್ಲ ತಂತಿ ಕೆಳಗೆ ನುಗ್ಗಿ ನಮ್ಮ ಹೊಲಕ್ಕೆ ಇಳಿಯಿತು. ತಂತಿ ದನವನ್ನು ತಡೆಯುತ್ತದೆ, ನೀರನ್ನು ತಡೆಯುತ್ತದೆಯೆ? ಬೆಳಿಗ್ಗೆ ಹೋಗಿ ನೋಡಿದರೆ ನಡುಹೊಲದಲ್ಲಿ ಮೊಳಕಾಲುದ್ದ ಕೊರಕಲು. ಶೇಂಗಾ ಗಿಡ ಬೇರು ಮೇಲೆ ಮಾಡಿಕೊಂಡು ಬಿದ್ದಿದ್ದವು. ಅಣ್ಣನ ಹೊಲದ ಮೇಲ್ಮಣ್ಣು ನಮ್ಮ ಹೊಲ ದಾಟಿ ಹಳ್ಳ ಸೇರಿತು. ಇಬ್ಬರದೂ ಹೋಯಿತು.

ದನದ ದಾರಿ ಮುಚ್ಚಿತು. ಮಾತು ನಿಂತಿತು. ಅಣ್ಣನ ಮಗಳ ಮದುವೆಗೆ ನಮಗೆ ಕರೆ ಬರಲಿಲ್ಲ. ನಮ್ಮ ಮನೆಯಾಕೆ ಆ ದಿನ ಒಲೆ ಹಚ್ಚಲಿಲ್ಲ.

ಒಂದೂವರೆ ಅಡಿಯ ಲೆಕ್ಕ

ಈಗ ತಣ್ಣಗೆ ಕೂತು ಲೆಕ್ಕ ಹಾಕೋಣ. ಸರ್ವೆ ಸರಪಳಿಯ ಉದ್ದ 33 ಅಡಿ. ಅದರಲ್ಲಿ 16 ಆಣೆ. 33 ಅಡಿಗೆ 33 ಅಡಿ ಒಂದು ಗುಂಟೆ, ಅಂದರೆ 1089 ಚದರ ಅಡಿ. 40 ಗುಂಟೆಗೆ ಎಕರೆ. ನಾನು ಗೆದ್ದದ್ದು 420 ಅಡಿ ಉದ್ದ, ಒಂದೂವರೆ ಅಡಿ ಅಗಲ. ಒಟ್ಟು 630 ಚದರ ಅಡಿ. ಗುಂಟೆ ಲೆಕ್ಕದಲ್ಲಿ ಒಂಬತ್ತು ಆಣೆ ಚಿಲ್ಲರೆ.

ನಮ್ಮ ಮಳೆಯಾಶ್ರಯದಲ್ಲಿ ಎಕರೆಗೆ ನಾಲ್ಕು ಕ್ವಿಂಟಾಲ್ ಶೇಂಗಾ ಬಂದರೆ ಒಳ್ಳೆ ಬೆಳೆ. ಆ ಲೆಕ್ಕದಲ್ಲಿ ಗುಂಟೆಗೆ 10 ಕೆಜಿ. ನಾನು ಗೆದ್ದ ನೆಲಕ್ಕೆ ಹೆಚ್ಚೆಂದರೆ ಆರು ಕೆಜಿ. ಕೆಜಿಗೆ 60 ರೂಪಾಯಿ ಹಿಡಿದರೂ ವರ್ಷಕ್ಕೆ 360 ರೂಪಾಯಿ. ಬೀಜ, ಗೊಬ್ಬರ, ಆಳಿನ ಖರ್ಚು ಕಳೆಯದೆ ಹೇಳುತ್ತಿರುವ ಮಾತು ಇದು. 26 ಸಾವಿರ ಹುಟ್ಟಬೇಕಾದರೆ 72 ವರ್ಷ ಬೇಕು. ನನಗೀಗಲೇ 56.

ಇನ್ನೊಂದು ಲೆಕ್ಕ ನೋಡಿ. ಒಂದು ಎಕರೆ ಮೇಲೆ ಒಂದು ಇಂಚು ಮಳೆ ಬಿದ್ದರೆ ಸುಮಾರು ಒಂದು ಲಕ್ಷ ಲೀಟರ್ ನೀರು. ನಮ್ಮ ಕಡೆ ಈ ಇಂಚು ಕೆಲವು ಸಲ ಅರ್ಧ ಗಂಟೆಯಲ್ಲಿ ಬೀಳುತ್ತದೆ. ಅಷ್ಟು ನೀರನ್ನು ಸ್ವಲ್ಪ ಹೊತ್ತು ನಿಲ್ಲಿಸಿ, ಮಣ್ಣಿಗೆ ಕುಡಿಸಿ, ಹೆಚ್ಚಾದದ್ದನ್ನು ಕೋಡಿಯಲ್ಲಿ ಮೆಲ್ಲಗೆ ಬಿಡುವ ಕೆಲಸ ಬದದ್ದು. ಆ ಬದಕ್ಕೆ ನಾವು ಕೊಟ್ಟಿದ್ದ ಜಾಗ ಇಬ್ಬರದೂ ಸೇರಿ ಎರಡು ಗುಂಟೆಗೂ ಕಡಿಮೆ. ಸಂಬಳ ಕೇಳದ ಆಳನ್ನು ನಾನು ಕೈಯಾರೆ ಓಡಿಸಿದೆ.

ಕಾನೂನು ಏನು ಹೇಳುತ್ತೆ?

“ಸರ್ವೆಯವರ ಗೆರೆಯಿಂದಲೇ ಹೀಗಾಯಿತು” ಅಂತ ನಾನು ಹಲವು ವರ್ಷ ಹೇಳಿಕೊಂಡು ತಿರುಗಿದೆ. ಅದೂ ತಪ್ಪು. ನಮ್ಮ ಮೈಸೂರು ಸೀಮೆಯಲ್ಲಿ ಬೊಂಬಾಯಿ ಪದ್ಧತಿಯ ರೆವಿನ್ಯೂ ಸರ್ವೆ ಶುರುವಾದದ್ದು 1863ರಲ್ಲಿ. ಅಂದಿನಿಂದ ಗೆರೆ ಇದೆ. ಬದವೂ ಇತ್ತು. ಗೆರೆ ಬಂದದ್ದಕ್ಕೆ ಬದ ಹೋಗಲಿಲ್ಲ.

ತಾಲ್ಲೂಕಿನ ವಕೀಲರೊಬ್ಬರು 1964ರ ಕರ್ನಾಟಕ ಭೂ ಕಂದಾಯ ಕಾಯ್ದೆ ತೆಗೆದು ತೋರಿಸಿದರು. ಅದರಲ್ಲಿ ‘ಗಡಿ ಗುರುತು’ ಅಂದರೆ ಬರೀ ಕಲ್ಲು ಅಂತ ಇಲ್ಲ. ಮಣ್ಣಿನಿಂದ ಎಬ್ಬಿಸಿದ್ದು, ಬೇಲಿ, ಉಳದೆ ಖಾಲಿ ಬಿಟ್ಟ ನೆಲದ ಪಟ್ಟಿ, ಇವನ್ನೂ ಅಧಿಕಾರಿ ಗೊತ್ತುಪಡಿಸಿದ್ದರೆ ಗಡಿ ಗುರುತು ಅಂತಲೇ ಲೆಕ್ಕ. ಗುರುತು ಕಾಪಾಡುವ ಹೊಣೆ ಹಿಡುವಳಿದಾರನದೇ. ಕಿತ್ತರೆ, ಕೆಡಿಸಿದರೆ ದಂಡ ಉಂಟು.

ಇದನ್ನು ಕೇಳಿ ನನಗೆ ಆಶ್ಚರ್ಯವಾಯಿತು. ಕಾನೂನು ಬರೆದವರಿಗೂ ಗಡಿಗೆ ಅಗಲ ಇರಬಹುದು ಅಂತ ಗೊತ್ತಿತ್ತು. ಅದನ್ನು ಕತ್ತಿ ಅಲಗಿನಷ್ಟು ಸಣ್ಣ ಮಾಡಿದವರು ನಾವು, ನಮ್ಮ ಬಾಯಿಮಾತಿನಲ್ಲಿ. ಬೌಂಡರಿ ಅಂದಾಗ ನಮ್ಮ ಕಣ್ಣ ಮುಂದೆ ಬರುವುದು ನಕ್ಷೆಯ ಮೇಲಿನ ಪೆನ್ಸಿಲ್ ಗೆರೆ. ಆ ಗೆರೆಗೆ ಅಗಲ ಇಲ್ಲ. ಅದರ ಮೇಲೆ ಹುಲ್ಲು ಬೆಳೆಯುವುದಿಲ್ಲ, ಗೌಜುಗದ ಹಕ್ಕಿ ಮೊಟ್ಟೆ ಇಡುವುದಿಲ್ಲ, ಇಬ್ಬರು ಕೂತು ಎಲೆ ಅಡಿಕೆ ಹಾಕಿಕೊಳ್ಳಲು ಆಗುವುದಿಲ್ಲ. ಅಲ್ಲಿ ಒಂದೋ ಈ ಕಡೆ ನಿಲ್ಲಬೇಕು, ಇಲ್ಲ ಆ ಕಡೆ. ಬದದ ಮೇಲೆ ಇಬ್ಬರೂ ನಿಲ್ಲಬಹುದು.

ಈಗಂತೂ ಹುಡುಗರ ಮೊಬೈಲಿನಲ್ಲೇ ಸರ್ವೆ ನಂಬರಿನ ಗೆರೆ ಕಾಣುತ್ತದೆ. ಹೊಲದಲ್ಲಿ ನಿಂತು “ನೋಡಪ್ಪ, ನಾವು ಅವರ ಹೊಲದೊಳಗೆ ನಿಂತಿದ್ದೀವಿ” ಅನ್ನುತ್ತಾರೆ. ಮೊಬೈಲಿನ ಲೆಕ್ಕ ಕೆಲವು ಮೀಟರ್ ಆ ಕಡೆ ಈ ಕಡೆ ಆಗುತ್ತದೆ. ಯಾವ ಸರ್ವೆ ನಂಬರ್ ಅಂತ ತಿಳಿಯಲು ಅದು ಸರಿ, ಬದ ಯಾರದು ಅಂತ ತೀರ್ಮಾನಿಸಲು ಅಲ್ಲ. ಇಲಾಖೆಗೆ ಈಗ ಉಪಗ್ರಹದ ಸಹಾಯದಿಂದ ಅಳೆಯುವ ರೋವರ್ ಯಂತ್ರಗಳೂ ಬಂದಿವೆ. ಗೆರೆ ಇನ್ನೂ ಚೊಕ್ಕ ಆಗುತ್ತದೆ. ಆಗಲಿ, ಒಳ್ಳೆಯದೇ. ಆದರೆ ಗೆರೆ ಚೊಕ್ಕ ಆದಷ್ಟೂ ಬದದ ಮೇಲೆ ಕಣ್ಣು ಬೀಳುವುದು ಹೆಚ್ಚು. ಎಚ್ಚರ ಬೇಕಾಗಿರುವುದು ಈಗಲೇ.

ನೀರಿಗೆ ಸರ್ವೆ ನಂಬರ್ ಗೊತ್ತಿಲ್ಲ

ಈ ಗೊಂದಲ ಒಡ್ಡು ಹಾಕಿಸುವಾಗಲೂ ಬರುತ್ತದೆ. ಎಂಜಿನಿಯರು ಕಂಟೂರ್ ಬಂಡ್ ಅನ್ನುತ್ತಾರೆ. ಹಾಗಂದರೆ ಸಮಮಟ್ಟದ ಗೆರೆ ಹಿಡಿದು, ಇಳಿಜಾರಿಗೆ ಅಡ್ಡವಾಗಿ ಹಾಕುವ ಒಡ್ಡು. ಅದು ಸೊಟ್ಟಗೆ ಹೊಲದ ಮಧ್ಯೆಯೇ ಹೋಗಬಹುದು. ನಾವು ರೈತರು “ಮಧ್ಯೆ ಬೇಡ ಸ್ವಾಮಿ, ಬೌಂಡರಿಗೆ ಹಾಕಿ” ಅನ್ನುತ್ತೇವೆ. ಬೌಂಡರಿ ಇಳಿಜಾರಿಗೆ ಅಡ್ಡ ಇದ್ದರೆ ಸರಿ. ಇಳಿಜಾರಿನ ಉದ್ದಕ್ಕೆ ಇದ್ದರೆ? ನೀರು ಬದದ ಪಕ್ಕಕ್ಕೆ ಬಿದ್ದು ಅದನ್ನೇ ಕಾಲುವೆ ಮಾಡಿಕೊಂಡು ಮಣ್ಣು ಕೊರೆದುಕೊಂಡು ಹೋಗುತ್ತದೆ. ಆಮೇಲೆ “ಬಂಡಿಂಗ್ ಮಾಡಿದರು, ಪ್ರಯೋಜನ ಇಲ್ಲ” ಅಂತ ಬೈಯುತ್ತೇವೆ.

ಕಪ್ಪು ಎರೆ ಭೂಮಿಯ ಕತೆ ಇನ್ನೂ ಬೇರೆ. ಅಲ್ಲಿ ನೀರು ಬೇಗ ಇಂಗುವುದಿಲ್ಲ, ಒಡ್ಡಿನ ಹಿಂದೆ ನಿಂತು ಬೆಳೆ ಕೊಳೆಯುತ್ತದೆ. ಬೇಸಿಗೆಯಲ್ಲಿ ಒಡ್ಡು ಬಿರುಕು ಬಿಡುತ್ತದೆ. ಅದಕ್ಕೇ ಅಲ್ಲಿ ಒಡ್ಡಿಗೆ ಸ್ವಲ್ಪ ಓಟ ಕೊಟ್ಟು ಹೆಚ್ಚಿನ ನೀರು ಹೊರಗೆ ಹೋಗುವಂತೆ ಮಾಡುತ್ತಾರೆ. ಬಳ್ಳಾರಿಯಲ್ಲಿ ಮಣ್ಣು–ನೀರು ಸಂರಕ್ಷಣೆಯ ಸಂಶೋಧನಾ ಕೇಂದ್ರ 1954ರಿಂದ ಇದೆ. ಎರೆ ಭೂಮಿಯ ಸ್ನೇಹಿತರು ಒಡ್ಡು ಹಾಕಿಸುವ ಮುಂಚೆ ತಿಳಿದವರನ್ನು ಕೇಳುವುದು ಒಳ್ಳೆಯದು. ನನ್ನ ಮಾತು ಇಷ್ಟೆ: ಗಡಿ ತೋರಿಸುವ ಬದ ಒಂದು ಕೆಲಸ, ನೀರು ತಡೆಯುವ ಒಡ್ಡು ಇನ್ನೊಂದು ಕೆಲಸ. ಕೆಲವು ಕಡೆ ಒಂದೇ ಮಣ್ಣು ಎರಡೂ ಕೆಲಸ ಮಾಡುತ್ತದೆ, ಕೆಲವು ಕಡೆ ಎರಡೂ ಬೇರೆ ಬೇಕು. ಎರಡಕ್ಕೂ ಒಂದೇ ಹೆಸರು ಕರೆದರೆ ಈ ವ್ಯತ್ಯಾಸ ತಲೆಗೆ ಹೋಗುವುದಿಲ್ಲ.

ಬದ ಬೇಡ ಅನ್ನುವವರ ಮಾತು

ಬದದ ವಿರುದ್ಧ ಹೇಳುವವರೂ ಇದ್ದಾರೆ. ಅವರ ಮಾತಿನಲ್ಲೂ ನಿಜ ಇದೆ. ಒಂದು ಎಕರೆ ಇರುವವನಿಗೆ ಎರಡು ಗುಂಟೆಯೂ ದೊಡ್ಡದೇ. ಬದದಲ್ಲಿ ಇಲಿ, ಹೆಗ್ಗಣ ಬಿಲ ಮಾಡುತ್ತವೆ. ಹೊಂಗೆ, ಬೇವಿನ ನೆರಳಿಗೆ ಎರಡು ಸಾಲು ಬೆಳೆ ಸೊರಗುತ್ತದೆ. ಟ್ರ್ಯಾಕ್ಟರ್ ತಿರುಗಿಸಲು ತೊಂದರೆ.

ಇದೆಲ್ಲ ಒಪ್ಪುತ್ತೇನೆ. ಆದರೆ ಆ ಸೊರಗಿದ ಎರಡು ಸಾಲಿಗೆ ಬದಲು ಹೊಂಗೆ ಸೊಪ್ಪು ಹೊಲಕ್ಕೆ ಗೊಬ್ಬರ ಆಗುತ್ತಿತ್ತು, ಬೀಜ ಮಾರಿ ಸಂತೆ ಖರ್ಚು ಕಳೆಯುತ್ತಿತ್ತು. ಇಲಿ ಇದ್ದ ಕಡೆ ಕೇರೆ ಹಾವು, ಮುಂಗುಸಿ, ಗೂಬೆಯೂ ಇದ್ದವು. ಐದು ಅಡಿ ಆಗದಿದ್ದರೆ ಮೂರು ಅಡಿ ಇರಲಿ. ಮರ ಬೇಡವಾದರೆ ಹುಲ್ಲು, ತೊಗರಿ, ಔಡಲ ಇರಲಿ. ಪೂರ್ತಿ ಇಲ್ಲದಂತೆ ಮಾಡಬೇಡಿ. ಬೇಲಿಯೇ ಎದ್ದು ಹೊಲ ಮೇಯಿತು ಅನ್ನುವ ಗಾದೆ ಇದೆ. ನಮ್ಮ ಕಾಲದಲ್ಲಿ ಹೊಲವೇ ಎದ್ದು ಬೇಲಿ ಮೇಯಿತು.

ಹಾಗಾದರೆ ಏನು ಮಾಡಬೇಕು?

ನನಗೆ ತೋಚಿದ್ದು ಹೇಳುತ್ತೇನೆ. ಪಾಲುಪಟ್ಟಿ, ಕ್ರಯಪತ್ರ ಬರೆಸುವಾಗ ಬರೀ ಚಕ್ಕುಬಂದಿ ಬರೆಸಿ ಸುಮ್ಮನಾಗಬೇಡಿ. ನಕ್ಷೆಯಲ್ಲಿ ಗೆರೆ ಗೆರೆಯಾಗಿಯೇ ಇರಲಿ. ಅದರ ಜೊತೆಗೆ ನಾಲ್ಕು ಮಾತು ಸೇರಿಸಿ.

ಒಂದು, ನಡುವೆ ಬದು ಇದೆ, ಅದರ ಅಗಲ ಇಷ್ಟು ಅಡಿ, ಹದ್ದಿನ ಗೆರೆ ಅದರ ಮಧ್ಯೆ ಹಾಯುತ್ತದೆ, ಇಬ್ಬರೂ ಉಳಬಾರದು.

ಎರಡು, ಬದುವಿನ ಮೇಲಿನ ಮರ ಯಾರದು, ಹಣ್ಣು, ಸೊಪ್ಪು, ಹುಲ್ಲಿನ ಪಾಲು ಹೇಗೆ.

ಮೂರು, ಮೇಲ್ಗಡೆ ಹೊಲದ ನೀರು ಎಲ್ಲಿ ಇಳಿಯಬೇಕು. ಕೋಡಿ ಇರುವ ಜಾಗ ಗುರುತಿಸಿ, ಅದಕ್ಕೆ ಕಲ್ಲು ಕಟ್ಟುವ ಖರ್ಚು ಇಬ್ಬರದೂ.

ನಾಲ್ಕು, ದನ, ಗಾಡಿ ಹೋಗುವ ದಾರಿ.

ಇಷ್ಟಕ್ಕೆ ಕಾಗದದಲ್ಲಿ ಹತ್ತು ಸಾಲು ಸಾಕು. ನಮ್ಮಪ್ಪ–ದೊಡ್ಡಪ್ಪ ಆ ಹತ್ತು ಸಾಲು ಬರೆಸಿದ್ದರೆ ನಾನು ಈ ಲೇಖನ ಬರೆಯುವ ಹಾಗೆ ಆಗುತ್ತಿರಲಿಲ್ಲ.

ಇನ್ನು ಟ್ರ್ಯಾಕ್ಟರಿನವನು “ಬೌಂಡ್ರಿ ಎಲ್ಲಿಗಂಟ?” ಅಂತ ಕೇಳಿದರೆ ಕಲ್ಲು ತೋರಿಸಬೇಡಿ. “ಬದದಿಂದ ಒಂದು ಮೊಳ ಬಿಟ್ಟು ಹೊಡಿ” ಅನ್ನಿ. ಮಾತು ಬದಲಾದರೆ ನೇಗಿಲೂ ಬದಲಾಗುತ್ತದೆ. ಇದು ನನ್ನ ಅನುಭವ.

ಆಮೇಲೆ ಏನಾಯಿತು?

2020ರಲ್ಲಿ, ಲಾಕ್‌ಡೌನ್ ಸಮಯದಲ್ಲಿ, ಉದ್ಯೋಗ ಖಾತ್ರಿಯಲ್ಲಿ ಬದ ಹಾಕಿಸುವ ಕೆಲಸ ನಮ್ಮೂರಿಗೆ ಬಂತು. ಅಣ್ಣನ ಹೆಸರೂ ಪಟ್ಟಿಯಲ್ಲಿತ್ತು, ನನ್ನದೂ ಇತ್ತು. ಒಂದೇ ಕಡೆ ಮಣ್ಣು ಎತ್ತುವಾಗ ಎಷ್ಟು ದಿನ ಮಾತಾಡದೆ ಇರಲಾಗುತ್ತದೆ? ಮೂರನೇ ದಿನ ಅಣ್ಣನೇ, “ಲೇ ತಮ್ಮ, ತಂತಿ ಬಿಚ್ಚಾಕು, ಮಣ್ಣು ಎರಡೂ ಕಡೆಯಿಂದ ಬೀಳ್ಲಿ” ಅಂದ. ನಾನು ತಲೆ ಎತ್ತಲಿಲ್ಲ. ಇಕ್ಕಳ ತಂದು ತಂತಿ ಬಿಚ್ಚಿದೆ. ಕಲ್ಲುಕಂಬ ಕೀಳಲಿಲ್ಲ. ಅವು ಈಗ ಬದದ ಒಳಗೆ ಹೂತು ತಲೆ ಮಾತ್ರ ಕಾಣುತ್ತವೆ. ಸರ್ವೆಯವರ ಗೆರೆ ಎಲ್ಲಿತ್ತೋ ಅಲ್ಲೇ ಇದೆ. ಬದದ ಹೊಟ್ಟೆಯೊಳಗೆ ಇದೆ ಅಷ್ಟೆ. ಗೆರೆ ಇರಬೇಕಾದ ಜಾಗ ಅದೇ ಅಂತ ನನಗೀಗ ಅನ್ನಿಸುತ್ತದೆ.

ಹೊಂಗೆ ಸಸಿ ನೆಟ್ಟಿದ್ದೇವೆ. ಆಳೆತ್ತರ ದಾಟಿವೆ. ತಾತನ ಕಾಲದ ಮರದಷ್ಟಾಗಲು ನಾವಿಬ್ಬರೂ ಇರುವುದಿಲ್ಲ. ಕೊರಕಲು ಮುಚ್ಚಿದೆ. ಹೋದ ಮಣ್ಣು ಮಾತ್ರ ಬಂದಿಲ್ಲ. ಆ ಮೂಲೆಯಲ್ಲಿ ಇವತ್ತಿಗೂ ಶೇಂಗಾ ಗಿಡ ಗೇಣುದ್ದ ಮೀರುವುದಿಲ್ಲ.

ಕ್ರಿಕೆಟ್ ಹುಡುಗರ ಜಗಳ ಎಲ್ಲಿಗೆ ಬಂತು ಅಂತ ಕೇಳುತ್ತೀರಾ? ನಾನು ಉತ್ತರ ಕೊಡದೆ ಕೂತದ್ದು ನೋಡಿ ಅವರೇ ಒಂದು ಕಾಯ್ದೆ ಮಾಡಿಕೊಂಡರು. ಚೆಂಡು ಬದ ದಾಟಿದರೆ ನಾಲ್ಕು. ಬದದ ಮೇಲೆ ನಿಂತರೆ ಎರಡು. ಎರಡೂ ಕಡೆಯವರು ಒಪ್ಪಿದರು. ಆಟ ಮುಂದುವರಿಯಿತು.

ನಿಮ್ಮ ಕಡೆ ಬದಕ್ಕೆ ಏನನ್ನುತ್ತಾರೆ, ಎಷ್ಟು ಅಗಲ ಬಿಡುತ್ತಾರೆ, ಪಾಲುಪಟ್ಟಿಯಲ್ಲಿ ಬದ ಬರೆಸಿದವರು ಯಾರಾದರೂ ಇದ್ದಾರೆಯೆ? ಇದ್ದರೆ ಪತ್ರಿಕೆಗೆ ಬರೆಯಿರಿ. ನನ್ನಂತೆ ಗೆದ್ದು ಸೋತವರು ಇದ್ದರೆ ಅವರೂ ಬರೆಯಲಿ, ನಾಚಿಕೆ ಬೇಡ.